ನೆತ್ತರಿನ ದಾರಿ ತಡೆಯುವ ವಿದ್ಯೆ: ಕಣ್ಣಿನಲ್ಲಿ ಹುಟ್ಟಿ ಕಣ್ಣಿಗೆ ಮರಳಿದ ಚಿಕಿತ್ಸೆಯ ಚರಿತ್ರೆ

ಗಡ್ಡೆಯೊಂದು ದೇಹದಲ್ಲಿ ದೊಡ್ಡದಾಗಬೇಕಾದರೆ ಅದಕ್ಕೆ ನೆತ್ತರು ಬೇಕು, ನೆತ್ತರು ಬರಲು ನಾಳಗಳು ಬೇಕು, ಆ ನಾಳಗಳನ್ನು ಗಡ್ಡೆಯೇ ಸುತ್ತಲಿನ ಅಂಗಾಂಶದಿಂದ ತನ್ನ ಕಡೆಗೆ ಕರೆಸಿಕೊಳ್ಳುತ್ತದೆ ಎಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಗಟ್ಟಿಯಾಯಿತು. ಇದ್ದ ನಾಳದಿಂದ ಹೊಸ ನಾಳ ಕವಲೊಡೆಯುವ ಈ ಕ್ರಿಯೆಯನ್ನು ವೈದ್ಯರು ಆಂಜಿಯೋಜೆನಿಸಿಸ್ ಎನ್ನುತ್ತಾರೆ. ಕನ್ನಡದಲ್ಲಿ ಅದನ್ನು ರಕ್ತನಾಳಜನನ ಎಂದು ಕರೆಯಬಹುದು. ಈ ಕವಲೊಡೆಯುವಿಕೆಯನ್ನು ತಡೆದರೆ ಗಡ್ಡೆ ಬಡಕಲಾಗಿ ನಿಂತುಬಿಡುತ್ತದೆ, ತಡೆಯುವ ಔಷಧವನ್ನು ಹೊರಗಿನಿಂದ ಮತ್ತೆ ಮತ್ತೆ ಕೊಡುವ ಬದಲು ಅದನ್ನು ತಯಾರಿಸುವ ವಂಶವಾಹಿಯನ್ನೇ ರೋಗಿಯ ಜೀವಕೋಶಗಳಿಗೆ ಸೇರಿಸಿದರೆ ದೇಹವೇ ತನ್ನ ಮದ್ದನ್ನು ತಾನು ತಯಾರಿಸಿಕೊಳ್ಳುತ್ತದೆ ಎಂಬ ಆಸೆಯಿಂದ 1990ರ ದಶಕದಲ್ಲಿ ಒಂದು ಹೊಸ ಚಿಕಿತ್ಸಾಕ್ರಮ ರೂಪುಗೊಂಡಿತು. ಕ್ಯಾನ್ಸರ್‌ಗಾಗಿ ಹುಟ್ಟಿದ ಈ ವಿದ್ಯೆಯ ಚರಿತ್ರೆಯನ್ನು ಕರ್ನಾಟಕದಲ್ಲಿ ನಿಂತು ಬರೆಯುವಾಗ ಕ್ಯಾನ್ಸರ್ ಆಸ್ಪತ್ರೆಗಿಂತ ಮೊದಲು ಎದುರಾಗುವುದು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ, ರಾಜಾಜಿನಗರದ ಕಾರ್ಡ್ ರಸ್ತೆಯಲ್ಲಿರುವ ಒಂದು ಕಣ್ಣಿನ ಆಸ್ಪತ್ರೆ. ಇದು ಕಾಕತಾಳೀಯವಲ್ಲ. ಈ ವಿದ್ಯೆ ಹುಟ್ಟಿದ್ದೇ ಕಣ್ಣಿನಲ್ಲಿ, ಬಹುದೂರ ಅಲೆದು ಅದು ಕಡೆಗೆ ಬಂದು ನೆಲೆ ಹುಡುಕುತ್ತಿರುವುದೂ ಕಣ್ಣಿನಲ್ಲೇ.

ಗಡ್ಡೆಯ ಸುತ್ತ ನಾಳಗಳು ದಟ್ಟವಾಗಿರುತ್ತವೆ ಎಂಬುದನ್ನು ಶಸ್ತ್ರವೈದ್ಯರು ಬಹಳ ಹಿಂದಿನಿಂದ ಬಲ್ಲರು. ಮೊಲದ ಕಿವಿಯಲ್ಲಿ ಪಾರದರ್ಶಕ ಕಿಂಡಿ ಕೂರಿಸಿ ಗಡ್ಡೆಯ ಬೆಳವಣಿಗೆಯನ್ನು ನೋಡಿದ ಐಡ್ ಮತ್ತು ಸಂಗಡಿಗರು 1939ರಲ್ಲಿ, ಇಲಿಗಳಲ್ಲಿ ಅದೇ ಬಗೆಯ ಕಿಂಡಿಯಿಂದ ಎಣಿಕೆ ನಡೆಸಿದ ಗ್ಲೆನ್ ಆಲ್ಗೈರ್ 1945ರಲ್ಲಿ, ಗಡ್ಡೆಯಿಂದ ಹೊರಡುವ ಯಾವುದೋ ಪ್ರಚೋದನೆಯಿಂದ ನಾಳಗಳು ಬೆಳೆಯುತ್ತಿರಬೇಕು ಎಂಬ ಕಡೆಗೆ ಕೈತೋರಿದರು. ಇವರ ನಡುವೆ ಸಾಮಾನ್ಯವಾಗಿ ಮರೆತುಹೋಗುವ ಇನ್ನೊಂದು ಹೆಸರು ಐಸಾಕ್ ಮೈಕೆಲ್ಸನ್ ಎಂಬ ನೇತ್ರತಜ್ಞನದು. ಕಣ್ಣಿನ ಹಿಂಬದಿಯಲ್ಲಿ ಬಿಂಬ ಮೂಡುವ ತೆಳುಪದರವಾದ ಅಕ್ಷಿಪಟಲಕ್ಕೆ ಆಮ್ಲಜನಕ ಕಡಿಮೆಯಾದಾಗ ಅದರಿಂದಲೇ ಕರಗಿ ಹರಡುವ ಒಂದು ವಸ್ತು ಹೊರಟು ನಾಳಗಳನ್ನು ಬೆಳೆಸುತ್ತದೆ ಎಂದು ಆತ 1948ರಲ್ಲಿ ತರ್ಕಿಸಿದ. ಆ ವಸ್ತು ಕೈಗೆ ಸಿಕ್ಕುವುದಕ್ಕೆ ಇನ್ನೂ ನಾಲ್ಕು ದಶಕ ಬೇಕಾಯಿತು.

ಈ ಚೆಲ್ಲಾಪಿಲ್ಲಿ ಸುಳಿವುಗಳನ್ನು ಒಂದು ಸಿದ್ಧಾಂತವಾಗಿ ಕಟ್ಟಿದವರು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್. 1960ರ ದಶಕದ ಆರಂಭದಲ್ಲಿ ನೌಕಾಪಡೆಯ ಪ್ರಯೋಗಾಲಯದಲ್ಲಿದ್ದಾಗ ದೇಹದಿಂದ ಹೊರತೆಗೆದು ದ್ರವ ಹರಿಸಿ ಜೀವಂತವಾಗಿಟ್ಟ ಗ್ರಂಥಿಯಲ್ಲಿ ಕ್ಯಾನ್ಸರ್ ಕೋಶಗಳನ್ನು ಇಟ್ಟ ಅವರು, ಆ ಕೋಶಗಳು ಒಂದೆರಡು ಮಿಲಿಮೀಟರ್ ಗಾತ್ರಕ್ಕೆ ಬೆಳೆದು ಅಲ್ಲಿಗೇ ನಿಲ್ಲುವುದನ್ನೂ, ಅವೇ ಕೋಶಗಳನ್ನು ಜೀವಂತ ಇಲಿಗೆ ಮರಳಿಸಿದಾಗ ನಾಳ ಪಡೆದು ಹಿಗ್ಗುವುದನ್ನೂ ಕಂಡರು. 1971ರ ನವೆಂಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾದ ಅವರ ಪ್ರಬಂಧ, ಗಡ್ಡೆಯ ನಾಳಗಳನ್ನು ತಡೆಯುವುದೇ ಒಂದು ಚಿಕಿತ್ಸೆಯಾಗಬಲ್ಲದು ಎಂದು ಸಾರಿತು. ಹೆಚ್ಚಿನ ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ನಾಳಗಳು ಗಡ್ಡೆಯ ಉರಿಯೂತದಿಂದ ತಾವಾಗಿ ಹುಟ್ಟುವ ಉಪಫಲ ಎಂಬುದೇ ಆಗಿನ ಸಾಮಾನ್ಯ ನಂಬಿಕೆಯಾಗಿತ್ತು.

ನಂಬಿಕೆ ಅಲುಗಾಡಿದ್ದು ಮೊಲದ ಕಣ್ಣಿನಲ್ಲಿ ನಡೆದ ಪ್ರಯೋಗದಿಂದ. ಫೋಕ್‌ಮನ್ ಅವರೊಡನೆ ಮೈಕೆಲ್ ಜಿಂಬ್ರೋನ್ ಮತ್ತಿತರರು 1972ರಲ್ಲಿ ಕಣ್ಣಿನ ಮುಂಭಾಗದ ತಿಳಿನೀರಿನಲ್ಲಿ ಗಡ್ಡೆಯ ಚೂರುಗಳನ್ನು ತೇಲಿಬಿಟ್ಟರು. ನಾಳಗಳಿಂದ ದೂರವಿದ್ದ ಚೂರುಗಳು ಸಾಯಲಿಲ್ಲ, ಬೆಳೆಯಲೂ ಇಲ್ಲ. ಪುಟ್ಟ ಗುಂಡುಗಳಾಗಿ ತಟಸ್ಥವಾಗಿ ಉಳಿದವು. ನಾಳಗಳಿಂದ ತುಂಬಿದ ಕಣ್ಣಿನ ಬಣ್ಣದ ಪರದೆಗೆ ಅವನ್ನು ತಾಗಿಸಿದಾಗ ಕೆಲವೇ ದಿನಗಳಲ್ಲಿ ನಾಳಗಳು ಒಳನುಗ್ಗಿ, ಗಡ್ಡೆ ಸಾವಿರಾರು ಪಟ್ಟು ಹಿಗ್ಗಿ ಕಣ್ಣನ್ನೇ ತುಂಬಿತು. ಆ ಬಳಿಕ ಕಣ್ಣಿನ ಮುಂದಿನ ಗಾಜಿನಂಥ ಪದರವಾದ ಕಾರ್ನಿಯಾದಲ್ಲಿ ಪುಟ್ಟ ಜೇಬು ಕೊರೆದು, ಅದರೊಳಗೆ ಗಡ್ಡೆಯ ಚೂರನ್ನೋ ಪರೀಕ್ಷಿಸಬೇಕಾದ ವಸ್ತುವನ್ನೋ ಇಟ್ಟು, ಅಂಚಿನಿಂದ ನಾಳಗಳು ಅದರತ್ತ ಹರಿದು ಬರುವುದನ್ನು ನೇರವಾಗಿ ನೋಡಿ ಅಳೆಯುವ ವಿಧಾನ ರೂಢಿಗೆ ಬಂತು. ಕಾರ್ನಿಯಾದಲ್ಲಿ ಸಹಜವಾಗಿ ಒಂದೂ ನಾಳವಿಲ್ಲದ್ದರಿಂದ ಅಲ್ಲಿ ಕಾಣಿಸಿಕೊಳ್ಳುವ ಪ್ರತಿಯೊಂದು ನಾಳವೂ ಹೊಸದೇ ಆಗಿರಬೇಕು. ಈ ಸಂಶೋಧನೆಗೆ ಕಣ್ಣು ಕೊಟ್ಟ ಮೊದಲ ಉಡುಗೊರೆ ಈ ಸ್ಪಷ್ಟತೆ.

ನಾಳಗಳನ್ನು ಕರೆಯುವ ವಸ್ತು ಯಾವುದು ಎಂಬ ಪ್ರಶ್ನೆಗೆ ಉತ್ತರ ಎರಡು ದಿಕ್ಕಿನಿಂದ ಬಂತು. ನಾಳದ ಗೋಡೆಯನ್ನು ಸೋರುವಂತೆ ಮಾಡುವ ಪ್ರೋಟೀನೊಂದನ್ನು ಹೆರಾಲ್ಡ್ ಡ್ವೊರಾಕ್ ತಂಡ 1983ರಲ್ಲಿ ಗಡ್ಡೆಗಳಲ್ಲಿ ಗುರುತಿಸಿತು. ನಾಳದ ಒಳಗೋಡೆಯ ಕೋಶಗಳನ್ನು ಬೆಳೆಸುವ ಪ್ರೋಟೀನೊಂದನ್ನು ಜೆನೆನ್‌ಟೆಕ್ ಸಂಸ್ಥೆಯಲ್ಲಿದ್ದ ನೆಪೋಲಿಯೋನೆ ಫೆರಾರಾ 1989ರಲ್ಲಿ ಬೇರ್ಪಡಿಸಿ ಅದಕ್ಕೆ ವಿಇಜಿಎಫ್ ಎಂದು ಹೆಸರಿಟ್ಟರು. ಕಡೆಗೆ ನೋಡಿದರೆ ಎರಡೂ ಒಂದೇ ವಸ್ತು. ಇದನ್ನು ಹಿಡಿದುಹಾಕುವ ಪ್ರತಿಕಾಯ, ಅಂದರೆ ಗುರಿವಸ್ತುವಿಗೆ ಮಾತ್ರ ಅಂಟಿಕೊಳ್ಳುವ ಪ್ರೋಟೀನು, ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆಯನ್ನು ತಗ್ಗಿಸುತ್ತದೆಂದು 1993ರಲ್ಲಿ ತಿಳಿಯಿತು. ಅದೇ ವರ್ಷ ಕೆಂಡಲ್ ಮತ್ತು ಥಾಮಸ್ ಇನ್ನೊಂದು ಅಚ್ಚರಿಯನ್ನು ಕಂಡುಹಿಡಿದರು. ವಿಇಜಿಎಫ್ ಬಂದು ಕೂರುವ ಗ್ರಾಹಕ ಸಾಮಾನ್ಯವಾಗಿ ಕೋಶದ ಹೊದಿಕೆಗೆ ಅಂಟಿಕೊಂಡಿರುತ್ತದೆ. ಆದರೆ ಅದರದೇ ಒಂದು ತುಂಡುರೂಪ ಕೋಶದಿಂದ ಹೊರಬಿದ್ದು ದ್ರವದಲ್ಲಿ ತೇಲುತ್ತಾ, ಬಂದ ವಿಇಜಿಎಫ್ ಅನ್ನು ದಾರಿಯಲ್ಲೇ ಹಿಡಿದಿಟ್ಟು ಸಂದೇಶ ತಲುಪದಂತೆ ಮಾಡುತ್ತದೆ. ಎಸ್‌ಫ್ಲಿಟ್-1 ಎಂಬ ಈ ತೇಲುಗ್ರಾಹಕವು ದೇಹದಲ್ಲೇ ಸಹಜವಾಗಿ ಇರುವ ತಡೆಗಾರ. ಮುಂದೆ ವಂಶವಾಹಿ ಚಿಕಿತ್ಸಕರು ಹೆಚ್ಚು ಭರವಸೆ ಇಟ್ಟದ್ದು ಇದರ ಮೇಲೆಯೇ.

ಫೋಕ್‌ಮನ್ ಅವರ ಪ್ರಯೋಗಾಲಯದಲ್ಲಿ ಮೈಕೆಲ್ ಓ'ರೈಲಿ 1994ರಲ್ಲಿ ಆಂಜಿಯೋಸ್ಟಾಟಿನ್ ಅನ್ನೂ 1997ರಲ್ಲಿ ಎಂಡೋಸ್ಟಾಟಿನ್ ಅನ್ನೂ ಬೇರ್ಪಡಿಸಿದಾಗ, ದೇಹದ ಸ್ವಂತ ಪ್ರೋಟೀನುಗಳ ತುಣುಕುಗಳಿಂದಲೇ ಗಡ್ಡೆಯನ್ನು ನಿಲ್ಲಿಸಬಹುದೆಂಬ ಉತ್ಸಾಹ ಹಬ್ಬಿತು. 1998ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ಮೊದಲ ಪುಟದಲ್ಲಿ ಈ ಸುದ್ದಿ ಬಂದ ಮೇಲೆ ರೋಗಿಗಳ ನಿರೀಕ್ಷೆ ಮೇರೆ ಮೀರಿತು. ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಗೆಲ್ಲಲೇಬೇಕೆಂದಿಲ್ಲ ಎಂಬ ಎಚ್ಚರಿಕೆಯನ್ನು ಕೇಳುವ ತಾಳ್ಮೆ ಯಾರಿಗೂ ಇರಲಿಲ್ಲ, ಸಾವಿನ ಅಂಚಿನಲ್ಲಿದ್ದವರಿಂದ ಆ ತಾಳ್ಮೆಯನ್ನು ಬಯಸುವುದು ನ್ಯಾಯವೂ ಅಲ್ಲ. ಆದರೆ ಈ ಪ್ರೋಟೀನುಗಳನ್ನು ಶುದ್ಧವಾಗಿ, ಬೇಕಾದಷ್ಟು ಪ್ರಮಾಣದಲ್ಲಿ ತಯಾರಿಸುವುದೇ ಕಷ್ಟವಾಗಿತ್ತು, ರಕ್ತಕ್ಕೆ ಸೇರಿದ ಮೇಲೆ ಅವು ಬೇಗ ಕರಗಿಹೋಗುತ್ತಿದ್ದವು, ನಾಳಗಳನ್ನು ತಡೆಯಬೇಕಾದರೆ ಔಷಧ ಬಿಡುವಿಲ್ಲದೆ ಇರಬೇಕಾಗಿತ್ತು. ಈ ಮೂರು ತೊಡಕುಗಳಿಗೂ ಒಂದೇ ಪರಿಹಾರವಾಗಿ ಕಂಡದ್ದು ವಂಶವಾಹಿ ಚಿಕಿತ್ಸೆ.

ವಂಶವಾಹಿಯನ್ನು ಕೋಶದೊಳಗೆ ಸಾಗಿಸಲು ವಾಹನ ಬೇಕು, ಕೋಶದೊಳಗೆ ನುಗ್ಗುವುದರಲ್ಲಿ ವೈರಸ್‌ಗಿಂತ ಪಳಗಿದ ವಾಹನ ಇಲ್ಲ. ರೋಗ ಹರಡುವ ಭಾಗಗಳನ್ನು ಕತ್ತರಿಸಿ ತೆಗೆದು, ಆ ಜಾಗದಲ್ಲಿ ಬೇಕಾದ ವಂಶವಾಹಿಯನ್ನು ಕೂರಿಸಿದ ವೈರಸ್ಸನ್ನು ವಾಹಕ ಎನ್ನುತ್ತಾರೆ. ನೆಗಡಿಯ ಕುಲದ ಅಡಿನೋವೈರಸ್ ದೊಡ್ಡ ಹೊರೆ ಹೊರುತ್ತದೆ, ಬೇಗ ಕೆಲಸ ಶುರುಮಾಡುತ್ತದೆ, ಆದರೆ ದೇಹದ ರಕ್ಷಣಾವ್ಯವಸ್ಥೆಯನ್ನು ಕೆಣಕುತ್ತದೆ, ಅದರ ಕೆಲಸ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಎಎವಿ ಎಂದು ಕರೆಯುವ ಇನ್ನೊಂದು ಪುಟ್ಟ ವೈರಸ್ ಸೌಮ್ಯ ಸ್ವಭಾವದ್ದು, ವಿಭಜನೆಗೊಳ್ಳದ ಕೋಶಗಳಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು. ಅದರ ಕೊರತೆ ಎಂದರೆ ಸುಮಾರು 4,700 ಅಕ್ಷರಗಳಿಗಿಂತ ಉದ್ದದ ವಂಶವಾಹಿ ಅದರಲ್ಲಿ ಹಿಡಿಸದು. ಎಸ್‌ಫ್ಲಿಟ್-1ರ ಸಂದೇಶ ಸುಮಾರು 2,000 ಅಕ್ಷರಗಳಷ್ಟೇ ಆದ್ದರಿಂದ ಎರಡೂ ವಾಹನಗಳಲ್ಲಿ ಅದು ಸಲೀಸಾಗಿ ಕೂರುತ್ತಿತ್ತು. ಕಾಲ್ವಿನ್ ಕುವೊ, ಫೋಕ್‌ಮನ್, ರಿಚರ್ಡ್ ಮಲಿಗನ್ ಮೊದಲಾದವರು 2001ರಲ್ಲಿ ಅಡಿನೋವೈರಸ್ ಮೂಲಕ ಹಲವು ತಡೆಗಾರರನ್ನು ಇಲಿಗಳಲ್ಲಿ ಹೋಲಿಸಿ ನೋಡಿದಾಗ, ಬಹುಕಾಲ ಹೊಗಳಿಸಿಕೊಂಡ ಆಂಜಿಯೋಸ್ಟಾಟಿನ್, ಎಂಡೋಸ್ಟಾಟಿನ್‌ಗಳಿಗಿಂತ ವಿಇಜಿಎಫ್‌ನ ತೇಲುಗ್ರಾಹಕಗಳೇ ಹೆಚ್ಚು ಪರಿಣಾಮಕಾರಿ ಎಂದು ಕಂಡಿತು. ಫೋಕ್‌ಮನ್ ಅವರೇ ಈ ಹೋಲಿಕೆಯಲ್ಲಿ ಭಾಗಿಯಾಗಿದ್ದರು ಎಂಬುದು ಅವರ ಪ್ರಾಮಾಣಿಕತೆಗೆ ಸಾಕ್ಷಿ.

ಆದರೆ ಅಷ್ಟರಲ್ಲಿ ವಂಶವಾಹಿ ಚಿಕಿತ್ಸೆಯ ಮೇಲೆ ಕಾರ್ಮೋಡ ಕವಿದಿತ್ತು. 1999ರ ಸೆಪ್ಟೆಂಬರ್ 17ರಂದು ಪೆನ್ಸಿಲ್ವೇನಿಯಾದಲ್ಲಿ ಯಕೃತ್ತಿನ ಆನುವಂಶಿಕ ಕಾಯಿಲೆಗಾಗಿ ಅಡಿನೋವೈರಸ್ ಪಡೆದ ಹದಿನೆಂಟರ ಯುವಕ ಜೆಸ್ಸಿ ಗೆಲ್ಸಿಂಗರ್ ತೀವ್ರ ರಕ್ಷಣಾ ಪ್ರತಿಕ್ರಿಯೆಯಿಂದ ತೀರಿಕೊಂಡಿದ್ದರು. ಆ ಸಾವಿನ ಬಳಿಕ ಪ್ರತಿಯೊಂದು ಪ್ರಯೋಗವೂ ಬಿಗಿಯಾದ ಪರಿಶೀಲನೆಗೆ ಒಳಪಟ್ಟಿತು, ಮತ್ತು ಹಾಗೆ ಆಗಬೇಕಾದ್ದೇ ಆಗಿತ್ತು.

ಕರ್ನಾಟಕದಲ್ಲಿ ಈ ವಿಚಾರ ಬೇರೂರಿದ ಮೊದಲ ನೆಲಗಳಲ್ಲಿ ಮೈಸೂರಿನ ಮಾನಸಗಂಗೋತ್ರಿಯೂ ಒಂದು. ಮೈಸೂರು ವಿಶ್ವವಿದ್ಯಾನಿಲಯದ ಅನ್ವಯಿಕ ಸಸ್ಯಶಾಸ್ತ್ರ ಮತ್ತು ಜೈವಿಕ ತಂತ್ರಜ್ಞಾನ ವಿಭಾಗದಲ್ಲಿ ಭಾರತಿ ಪಿ. ಸಾಲಿಮಠ ಮತ್ತು ಅವರ ವಿದ್ಯಾರ್ಥಿಗಳು, ಹೊಟ್ಟೆಯಲ್ಲಿ ನೀರು ತುಂಬಿಸುವ ಗಡ್ಡೆಯಿರುವ ಇಲಿಗಳಲ್ಲಿ ವಿಇಜಿಎಫ್‌ನ ಪಾತ್ರವನ್ನು ಅಭ್ಯಸಿಸಿ, ನಾಳಜನನವನ್ನು ತಡೆಯಬಲ್ಲ ವಸ್ತುಗಳನ್ನು ನಮ್ಮ ಅಡುಗೆಮನೆ ಮತ್ತು ಗಿಡಮೂಲಿಕೆಗಳಲ್ಲಿ ಹುಡುಕಿದರು. ಅರಿಶಿನದ ಹಳದಿ ಸತ್ವವಾದ ಕರ್ಕ್ಯುಮಿನ್ ನಾಳಗಳನ್ನು ಹೇಗೆ ತಡೆಯುತ್ತದೆ ಎಂಬ ಅವರ ಪ್ರಬಂಧ 2002ರಲ್ಲಿ, ಜ್ಯೇಷ್ಠಮಧುವಿನ ಕುರಿತಾದದ್ದು 2006ರಲ್ಲಿ ಪ್ರಕಟವಾದವು. ಇತ್ತ ಯಶವಂತಪುರದ ಬದಿಯ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕುಮಾರವೇಲ್ ಸೋಮಸುಂದರಂ ಅವರ ತಂಡ, ಕೋಶಗಳ ಅತಿಬೆಳವಣಿಗೆಗೆ ಕಡಿವಾಣ ಹಾಕುವ ಪಿ73 ಎಂಬ ವಂಶವಾಹಿಯನ್ನು ಅಡಿನೋವೈರಸ್‌ನಲ್ಲಿ ಹೊರಿಸಿ ಗರ್ಭಕೊರಳಿನ ಕ್ಯಾನ್ಸರ್ ಕೋಶಗಳ ಮೇಲೆ ಪ್ರಯೋಗಿಸಿತು. ಅದು ನಾಳಗಳನ್ನು ತಡೆಯುವ ಚಿಕಿತ್ಸೆಯಲ್ಲ. ಆದರೆ ವಾಹಕವನ್ನು ಕಟ್ಟುವ, ಬೆಳೆಸುವ, ಅಳೆಯುವ ಕೈಚಳಕ ಬೆಂಗಳೂರಿನಲ್ಲಿ ಆಗಲೇ ಇತ್ತೆಂಬುದಕ್ಕೆ ಅದು ಸಾಕ್ಷಿ.

ಈ ಹೊತ್ತಿಗೆ ಹೊರಗಿನಿಂದ ಚುಚ್ಚುವ ಪ್ರತಿಕಾಯವೇ ಮುಂದೆ ಓಡಿತ್ತು. 2004ರ ಫೆಬ್ರವರಿಯಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟ, ವಿಇಜಿಎಫ್ ಅನ್ನು ಹಿಡಿಯುವ ಪ್ರತಿಕಾಯವಾದ ಬೆವಾಸಿಜುಮಾಬ್, ಹರಡಿದ ದೊಡ್ಡಕರುಳಿನ ಕ್ಯಾನ್ಸರ್ ರೋಗಿಗಳ ಬದುಕಿನ ಮಧ್ಯಾಂಕವನ್ನು 15.6 ತಿಂಗಳಿಂದ 20.3 ತಿಂಗಳಿಗೆ ಏರಿಸಿತು. ಫೋಕ್‌ಮನ್ ಕಂಡ ಕನಸಿಗೆ ಇದು ಸಣ್ಣ ಫಲ, ರೋಗಿಯ ಮನೆಯವರಿಗೆ ಸುಮಾರು ಐದು ತಿಂಗಳು ಸಣ್ಣದಲ್ಲ. ಬೆಂಗಳೂರಿನ ಬಯೋಕಾನ್ 2017ರ ನವೆಂಬರಿನಲ್ಲಿ ಕ್ರಬೇವಾ ಎಂಬ ಹೆಸರಿನಲ್ಲಿ ಇದರ ತದ್ರೂಪಿ ಔಷಧವನ್ನು ಭಾರತದ ಮಾರುಕಟ್ಟೆಗೆ ತಂದಿತು.

ಇದೇ ಔಷಧ ಕ್ಯಾನ್ಸರ್ ವಾರ್ಡಿನಿಂದ ಕಣ್ಣಿನ ವಾರ್ಡಿಗೆ ದಾಟಿದ್ದು 2005ರಲ್ಲಿ. ವಯಸ್ಸಾದವರ ಅಕ್ಷಿಪಟಲದ ನಡುಭಾಗದಲ್ಲಿ ಸೋರುವ ನಾಳಗಳು ಬೆಳೆದು ದೃಷ್ಟಿ ಕಸಿಯುವ ಕಾಯಿಲೆಗೆ ಮಯಾಮಿಯ ಫಿಲಿಪ್ ರೋಸೆನ್‌ಫೆಲ್ಡ್ ಬೆವಾಸಿಜುಮಾಬ್‌ನ ಒಂದು ಹನಿಯನ್ನು ಕಣ್ಣಿನೊಳಕ್ಕೇ ಚುಚ್ಚಿ ಫಲ ಕಂಡರು. ಕ್ಯಾನ್ಸರ್‌ಗಾಗಿ ತಯಾರಾದ ಒಂದು ಸೀಸೆಯಿಂದ ಕಣ್ಣಿಗೆ ಬೇಕಾದ ಹಲವಾರು ಸಣ್ಣ ಪ್ರಮಾಣಗಳನ್ನು ತೆಗೆಯಬಹುದಾದ್ದರಿಂದ ಬೆಲೆ ಎಷ್ಟೋ ಪಟ್ಟು ಇಳಿಯಿತು. ಸಕ್ಕರೆ ಕಾಯಿಲೆಯಿಂದ ಕಣ್ಣು ಕೆಟ್ಟವರೇ ತುಂಬಿರುವ ನಮ್ಮ ನಾಡಿನಲ್ಲಿ ಬಡವರಿಗೂ ಚಿಕಿತ್ಸೆ ಎಟುಕಿದ್ದು ಈ ದಾರಿಯಿಂದಲೇ. ವಿಜಯನಗರ, ಬಸವೇಶ್ವರನಗರದ ನಿವೃತ್ತರಿಂದ ಹಿಡಿದು ಕೆಂಗೇರಿಯ ಆಚೆಯ ಹಳ್ಳಿಗಳ ಮುದುಕರವರೆಗೆ 'ಕಣ್ಣಿಗೆ ಇಂಜೆಕ್ಷನ್' ಎಂಬ ಮಾತು ಮನೆಮಾತಾದದ್ದು ಈ ಎರಡು ದಶಕಗಳಲ್ಲಿ. ಆದರೆ ಆ ಇಂಜೆಕ್ಷನ್ನಿನ ಪ್ರಭಾವ ಒಂದೆರಡು ತಿಂಗಳಿನದು, ಮತ್ತೆ ಬರಬೇಕು, ಮತ್ತೆ ಚುಚ್ಚಿಸಿಕೊಳ್ಳಬೇಕು. ಬಸ್ ಚಾರ್ಜಿಗೂ ದಿನಗೂಲಿಗೂ ಲೆಕ್ಕ ಹಾಕುವವರು ನಡುವೆ ನಿಲ್ಲಿಸಿಬಿಡುತ್ತಾರೆ. ಒಮ್ಮೆ ಕೊಟ್ಟರೆ ವರ್ಷಗಟ್ಟಲೆ ಕೆಲಸ ಮಾಡುವ ವಂಶವಾಹಿಯ ಆಸೆ ಇಲ್ಲಿ ಹೊಸ ಅರ್ಥ ಪಡೆಯಿತು.

ರಾಜಾಜಿನಗರದ ನಾರಾಯಣ ನೇತ್ರಾಲಯವನ್ನು ಡಾ. ಕೆ. ಭುಜಂಗ ಶೆಟ್ಟಿ 1982ರಲ್ಲಿ ಸ್ಥಾಪಿಸಿದರು. 1994ರಲ್ಲಿ ಅಲ್ಲಿ ಡಾ. ರಾಜ್‌ಕುಮಾರ್ ನೇತ್ರಭಂಡಾರ ಆರಂಭವಾದಾಗ ಕನ್ನಡದ ವರನಟ ರಾಜ್‌ಕುಮಾರ್ ತಮ್ಮ ಇಡೀ ಕುಟುಂಬದ ನೇತ್ರದಾನವನ್ನು ಘೋಷಿಸಿದರು; 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಆ ಮಾತು ನಡೆಯಿತು. 2021ರ ಅಕ್ಟೋಬರ್ 29ರಂದು ಅಗಲಿದ ಅವರ ಮಗ, ನಟ ಪುನೀತ್ ರಾಜ್‌ಕುಮಾರ್ ಅವರ ಎರಡು ಕಾರ್ನಿಯಾಗಳನ್ನು ಮುಂದಿನ ಪದರ, ಹಿಂದಿನ ಪದರ ಎಂದು ಸೀಳಿ ನಾಲ್ವರಿಗೆ ದೃಷ್ಟಿ ಕೊಡಲಾಯಿತು. ನಾಡು ಕಣ್ಣೀರಿಟ್ಟು ನೆನೆದ ಈ ಘಟನೆಗಳಿಗೂ ಗಡ್ಡೆಯ ನಾಳಗಳಿಗೂ ಏನು ಸಂಬಂಧ ಎಂಬುದಕ್ಕೆ ಉತ್ತರ ಕಾರ್ನಿಯಾದ ಪಾರದರ್ಶಕತೆಯಲ್ಲಿದೆ. ಒಬ್ಬರ ಕಾರ್ನಿಯಾ ಇನ್ನೊಬ್ಬರಿಗೆ ಹೊಂದಿಕೊಳ್ಳುವುದಕ್ಕೆ ಮುಖ್ಯ ಕಾರಣ ಅದರಲ್ಲಿ ರಕ್ತನಾಳಗಳಿಲ್ಲದಿರುವುದು. ನಾಳವಿಲ್ಲದ ಕಡೆಗೆ ರಕ್ಷಣಾಕೋಶಗಳು ಸುಲಭವಾಗಿ ಬರಲಾರವು. ಸುತ್ತಲೂ ನಾಳಗಳಿರುವಾಗ ಕಾರ್ನಿಯಾ ಮಾತ್ರ ಹೇಗೆ ನಾಳರಹಿತವಾಗಿ ಉಳಿಯುತ್ತದೆ ಎಂಬ ಹಳೆಯ ಒಗಟನ್ನು, ವೆಲ್ಲೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೇತ್ರತಜ್ಞರಾದ ಬಾಲಮುರಳಿ ಅಂಬಾಟಿ ಮತ್ತು ಸಂಗಡಿಗರು 2006ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಿಡಿಸಿದರು. ಕಾರ್ನಿಯಾದಲ್ಲಿ ಎಸ್‌ಫ್ಲಿಟ್-1 ಹೇರಳವಾಗಿ ತಯಾರಾಗುತ್ತದೆ. ಅದನ್ನು ಅಡಗಿಸಿದರೆ ಕಾರ್ನಿಯಾಕ್ಕೆ ನಾಳಗಳು ನುಗ್ಗುತ್ತವೆ. ಗಡ್ಡೆಯ ವಿರುದ್ಧ ವಿಜ್ಞಾನಿಗಳು ವೈರಸ್‌ನಲ್ಲಿ ತುಂಬಿ ಕಳುಹಿಸುತ್ತಿದ್ದ ವಂಶವಾಹಿಯನ್ನು ಪ್ರಕೃತಿ ಪ್ರತಿಯೊಬ್ಬರ ಕಣ್ಣಿನಲ್ಲೂ ಮೊದಲೇ ಇಟ್ಟು, ಹಗಲಿರುಳು ಕೆಲಸಕ್ಕೆ ಹಚ್ಚಿತ್ತು. ನೇತ್ರಭಂಡಾರಕ್ಕೆ ಬರುವ ಪ್ರತಿಯೊಂದು ಕಾರ್ನಿಯಾವೂ ಈ ಚಿಕಿತ್ಸೆ ಸಾಧ್ಯ ಎಂಬುದಕ್ಕೆ ಸಾಕ್ಷಿಯೇ ಸರಿ.

ಅದೇ ಆಸ್ಪತ್ರೆಯಿಂದ ಡಾ. ಆನಂದ್ ವಿನೇಕರ್ 2008ರಲ್ಲಿ ಆರಂಭಿಸಿದ ಕಿಡ್ರಾಪ್ ಯೋಜನೆ ನಾಳಜನನದ ಇನ್ನೊಂದು ಮುಖವನ್ನು ಕರ್ನಾಟಕದ ಜಿಲ್ಲಾ ಆಸ್ಪತ್ರೆಗಳವರೆಗೆ ಒಯ್ದಿತು. ದಿನ ತುಂಬದೆ ಹುಟ್ಟಿದ ಮಗುವಿನ ಅಕ್ಷಿಪಟಲದಲ್ಲಿ ನಾಳಗಳು ಪೂರ್ತಿ ಬೆಳೆದಿರುವುದಿಲ್ಲ. ಬದುಕಿಸಲು ಕೊಡುವ ಆಮ್ಲಜನಕದಿಂದ ಅವು ಬೆಳೆಯುವುದು ನಿಂತು, ಬಳಿಕ ಉಸಿರುಗಟ್ಟಿದ ಅಕ್ಷಿಪಟಲ ವಿಇಜಿಎಫ್ ಅನ್ನು ವಿಪರೀತ ಸುರಿಸಿ, ದಾರಿ ತಪ್ಪಿದ ನಾಳಗಳು ಅಕ್ಷಿಪಟಲವನ್ನೇ ಎಳೆದು ಕಳಚುತ್ತವೆ. ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಊರೂರಿನ ಶಿಶುಘಟಕಗಳಿಗೆ ಹೋಗಿ ಕೂಸಿನ ಕಣ್ಣಿನ ಚಿತ್ರ ತೆಗೆದು ಬೆಂಗಳೂರಿಗೆ ಕಳುಹಿಸುವ, ಅಲ್ಲಿನ ವೈದ್ಯರು ಅದನ್ನು ನೋಡಿ ಸಲಹೆ ಕೊಡುವ ಈ ಏರ್ಪಾಡು ಎಷ್ಟೋ ಮಕ್ಕಳನ್ನು ಕುರುಡಿನಿಂದ ಉಳಿಸಿದೆ. ಇಂಥ ಮಕ್ಕಳಿಗೆ ಲೇಸರ್ ಹಳೆಯ ಚಿಕಿತ್ಸೆ; 2011ರ ಬಳಿಕ ಬೆವಾಸಿಜುಮಾಬ್ ಕೂಡ ಬಳಕೆಗೆ ಬಂತು, ಆದರೆ ಅದು ರಕ್ತಕ್ಕೂ ಸೋರುವುದರಿಂದ, ಇನ್ನೂ ಬೆಳೆಯುತ್ತಿರುವ ಕೂಸಿನ ಮೆದುಳಿಗೂ ಶ್ವಾಸಕೋಶಕ್ಕೂ ನಾಳಗಳು ಬೇಕಾಗಿರುವುದರಿಂದ, ಪ್ರಮಾಣದ ವಿಷಯದಲ್ಲಿ ವೈದ್ಯರು ತುಂಬಾ ಎಚ್ಚರ ವಹಿಸುತ್ತಾರೆ. ಒಮ್ಮೆ ಸೇರಿಸಿದರೆ ಹಿಂತೆಗೆಯಲಾಗದ ವಂಶವಾಹಿಯ ವಿಚಾರದಲ್ಲಿ ಈ ಎಚ್ಚರ ಇನ್ನೂ ಎಷ್ಟೋ ಪಟ್ಟು ಹೆಚ್ಚಬೇಕು.

ಗಡ್ಡೆಯ ನಾಳಗಳ ವಿರುದ್ಧದ ವಂಶವಾಹಿ ಚಿಕಿತ್ಸೆ ಮನುಷ್ಯರಲ್ಲಿ ಅತ್ಯಂತ ಮುಂದೆ ಹೋದದ್ದು ಇಸ್ರೇಲಿನ ವ್ಯಾಸ್ಕ್ಯುಲರ್ ಬಯೋಜೆನಿಕ್ಸ್ ಕಟ್ಟಿದ ವಿಬಿ-111 ಎಂಬ ಅಡಿನೋವೈರಸ್ ರೂಪದಲ್ಲಿ. ಹೊಸದಾಗಿ ಕವಲೊಡೆಯುತ್ತಿರುವ ನಾಳಗಳ ಕೋಶಗಳಲ್ಲಿ ಮಾತ್ರ ಎಚ್ಚೆತ್ತು, ಅವುಗಳನ್ನು ಆತ್ಮನಾಶಕ್ಕೆ ದೂಡುವಂತೆ ಅದರ ವಂಶವಾಹಿಯನ್ನು ರಚಿಸಲಾಗಿತ್ತು. ಮೆದುಳಿನ ಗ್ಲಯೋಬ್ಲಾಸ್ಟೋಮಾ ಗಡ್ಡೆಯ ಮೇಲಿನ ಮೂರನೆಯ ಹಂತದ ಪ್ರಯೋಗ 2018ರಲ್ಲಿ ಸೋತಿತು; ಅಂಡಾಶಯದ ಕ್ಯಾನ್ಸರ್ ಮೇಲಿನದು 2022ರ ಜುಲೈಯಲ್ಲಿ. ಕಾರಣಗಳು ಈಗ ಸಾಕಷ್ಟು ತಿಳಿದಿವೆ. ನಾಳ ಕಡಿಮೆಯಾದಾಗ ಗಡ್ಡೆಗೆ ಉಸಿರು ಕಟ್ಟುತ್ತದೆ, ಉಸಿರುಗಟ್ಟಿದ ಕೋಶ ವಿಇಜಿಎಫ್ ಅಲ್ಲದೆ ಬೇರೆ ಹತ್ತು ಸಂಕೇತಗಳನ್ನೂ ಹೊರಡಿಸುತ್ತದೆ, ಕೆಲವು ಗಡ್ಡೆಗಳು ಹೊಸ ನಾಳ ಕಟ್ಟುವ ಗೋಜಿಗೇ ಹೋಗದೆ ಇರುವ ನಾಳಗಳನ್ನೇ ಬಳಸಿ ಹಬ್ಬುತ್ತವೆ. ಗಡ್ಡೆಯ ನಾಳಗಳು ವಕ್ರವಾಗಿ, ಸೋರುತ್ತಾ ಇರುವುದರಿಂದ ಅವುಗಳನ್ನು ನಾಶಮಾಡುವುದಕ್ಕಿಂತ ಸರಿಪಡಿಸಿದರೆ ಕೀಮೋಥೆರಪಿಯ ಮದ್ದು ಒಳಗೆ ಚೆನ್ನಾಗಿ ತಲುಪುತ್ತದೆ ಎಂದು ಭಾರತೀಯ ಮೂಲದ ರಾಕೇಶ್ ಜೈನ್ 2001ರಲ್ಲೇ ವಾದಿಸಿದ್ದರು. ಇಂದು ಅವರ ವಾದಕ್ಕೆ ಹೆಚ್ಚಿನ ಮನ್ನಣೆಯಿದೆ.

ದೇಹದ ತುಂಬ ಹರಡಿದ ಕ್ಯಾನ್ಸರ್‌ನಲ್ಲಿ ಸೋತ ಈ ವಿದ್ಯೆ ಕಣ್ಣಿನಲ್ಲಿ ಬೇರೆ ಬಾಳು ಕಂಡಿತು. ಕಣ್ಣು ಪುಟ್ಟದು, ಮುಚ್ಚಿದ ಕೋಣೆಯಂಥದು, ಅತ್ಯಲ್ಪ ವೈರಸ್ ಸಾಕು, ರಕ್ಷಣಾವ್ಯವಸ್ಥೆಯ ಆರ್ಭಟ ಅಲ್ಲಿ ಕಡಿಮೆ, ಆಗುತ್ತಿರುವುದನ್ನು ವೈದ್ಯರು ನೇರವಾಗಿ ನೋಡಬಹುದು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಎಲಿಜಬೆತ್ ರಾಕೋಸಿ ಅವರ ತಂಡ ಎಸ್‌ಫ್ಲಿಟ್-1 ಹೊತ್ತ ಎಎವಿಯನ್ನು ವೃದ್ಧರ ಅಕ್ಷಿಪಟಲದಡಿ ಇಟ್ಟ ಮೊದಲ ಹಂತದ ಪ್ರಯೋಗದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು; ಅದು ಸುರಕ್ಷಿತ ಎಂದು ತಿಳಿದರೂ ಮುಂದಿನ ಹಂತದಲ್ಲಿ ಫಲ ನಿರೀಕ್ಷೆಯಷ್ಟು ಬರಲಿಲ್ಲ. ಬಳಿಕ ಬಂದ, ಪ್ರತಿಕಾಯದ ತುಂಡನ್ನು ಕಣ್ಣಿನಲ್ಲೇ ತಯಾರಿಸುವ ವಾಹಕಗಳು ಹೆಚ್ಚು ದೂರ ಸಾಗಿವೆ.

ಕಣ್ಣು ಮತ್ತು ಗಡ್ಡೆ ಎರಡೂ ಒಂದೆಡೆ ಸೇರುವುದು ರೆಟಿನೋಬ್ಲಾಸ್ಟೋಮಾದಲ್ಲಿ. ಅಕ್ಷಿಪಟಲದಲ್ಲಿ ಹುಟ್ಟಿ ಸಾಮಾನ್ಯವಾಗಿ ಐದು ವರ್ಷದೊಳಗಿನ ಮಕ್ಕಳನ್ನು ಕಾಡುವ ಈ ಕ್ಯಾನ್ಸರ್‌ನ ಮೊದಲ ಗುರುತು ಫೋಟೋದಲ್ಲೋ ಮಬ್ಬು ಬೆಳಕಿನಲ್ಲೋ ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುವ ಪಾಪೆ. ಕಾಯಿಲೆ ಬೆಳೆದಂತೆ ಕಣ್ಣಿನ ಬಣ್ಣದ ಪರದೆಯ ಮೇಲೆ ಹೊಸ ನಾಳಗಳು ಹಬ್ಬಿ ಒತ್ತಡ ಏರುತ್ತದೆ. ಇಂಥ ಮಕ್ಕಳ ಆಸ್ಪತ್ರೆ ದಾಖಲೆಗಳನ್ನು ಅಂಕಿಅಂಶಗಳಿಂದ ವಿಶ್ಲೇಷಿಸಿ ಆಲ್‌ಫ್ರೆಡ್ ನುಡ್ಸನ್ 1971ರಲ್ಲಿ, ಫೋಕ್‌ಮನ್ ಪ್ರಬಂಧ ಬಂದ ವರ್ಷವೇ, ವಂಶವಾಹಿಯ ಎರಡೂ ಪ್ರತಿಗಳು ಕೆಟ್ಟಾಗ ಕ್ಯಾನ್ಸರ್ ಹುಟ್ಟುತ್ತದೆ ಎಂಬ ಸಿದ್ಧಾಂತ ಮಂಡಿಸಿದರು. ಆ ಆರ್‌ಬಿ1 ವಂಶವಾಹಿ 1986ರಲ್ಲಿ ಪತ್ತೆಯಾಯಿತು. ಹ್ಯೂಸ್ಟನ್ನಿನಲ್ಲಿ ಎಂಟು ಮಕ್ಕಳ ಕಣ್ಣಿಗೆ ಅಡಿನೋವೈರಸ್ ಮೂಲಕ, ಮದ್ದನ್ನು ವಿಷವಾಗಿಸುವ ವಂಶವಾಹಿಯನ್ನು ಕೊಟ್ಟು ತೇಲುವ ಗಡ್ಡೆಕಣಗಳನ್ನು ಕರಗಿಸಿದ ವರದಿ 2005ರಲ್ಲಿ ಬಂತು. ಗಡ್ಡೆಯಿರುವ ಕಣ್ಣಿಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಹೊರಗೆ ಹರಡೀತೆಂಬ ಹಳೆಯ ಭಯವನ್ನು ಸ್ವಿಟ್ಜರ್ಲೆಂಡಿನ ಫ್ರಾನ್ಸಿಸ್ ಮುನಿಯೆ 2012ರಲ್ಲಿ ಪ್ರಕಟಿಸಿದ ಸುರಕ್ಷಿತ ವಿಧಾನ ಬಹುಮಟ್ಟಿಗೆ ನಿವಾರಿಸಿತು.

ಬೆಂಗಳೂರಿನಲ್ಲಿ ಈ ಮಕ್ಕಳ ಕಣ್ಣಿಗೂ ಪ್ರಯೋಗಾಲಯಕ್ಕೂ ನಡುವೆ ಸೇತುವೆ ಕಟ್ಟಿರುವುದು ನಾರಾಯಣ ನೇತ್ರಾಲಯ ಪ್ರತಿಷ್ಠಾನದ ಗ್ರೋ ಸಂಶೋಧನಾಲಯ. ಅದರ ನಿರ್ದೇಶಕ ಅರ್ಕಶುಭ್ರ ಘೋಷ್ ಮಿಸೌರಿಯಲ್ಲಿದ್ದಾಗ, 2008ರಲ್ಲಿ, ಎಎವಿಗೆ ಹಿಡಿಸದ ಉದ್ದನೆಯ ವಂಶವಾಹಿಯನ್ನು ಎರಡು ಭಾಗವಾಗಿ ಎರಡು ವೈರಸ್‌ಗಳಲ್ಲಿ ಕಳುಹಿಸಿ ಕೋಶದೊಳಗೆ ಜೋಡಿಸುವ ವಿಧಾನವನ್ನು ರೂಪಿಸಿದ ತಂಡದಲ್ಲಿದ್ದವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2019ರಲ್ಲಿ ವಂಶವಾಹಿ ಚಿಕಿತ್ಸೆಗೆ ರಾಷ್ಟ್ರೀಯ ಮಾರ್ಗಸೂಚಿ ಪ್ರಕಟಿಸಿದ ಮೇಲೆ ಇಂಥ ಕೆಲಸಕ್ಕೆ ಸ್ಪಷ್ಟ ದಾರಿಯೊಂದು ಸಿಕ್ಕಿತು.  ಗ್ರೋ ಸಂಶೋಧನಾಲಯ 2022ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಜೀವ ಉಳಿಸಲು ತೆಗೆಯಲೇಬೇಕಾದ ಮಕ್ಕಳ ಕಣ್ಣುಗಳ ಗಡ್ಡೆಯನ್ನು ವಂಶವಾಹಿ ವಂಶವಾಹಿಯಾಗಿ ಓದಿ, ಅದರ ಸುತ್ತಲ ಗಾಜಿನಂಥ ಲೋಳೆಯಲ್ಲಿನ ಚಯಾಪಚಯ ವಸ್ತುಗಳನ್ನೂ ಅಳೆದು, ಮುಂದುವರಿದ ಗಡ್ಡೆಗೂ ಎಳೆಯ ಗಡ್ಡೆಗೂ ಇರುವ ವ್ಯತ್ಯಾಸಗಳನ್ನು ಗುರುತಿಸಲಾಗಿದೆ.